ಹಿತ್ತಿಲಿಗೆ ಬಂದ ಆಮೆ ಯಾವ ಊರಿನದು?

ತುಮಕೂರಿನ ಹೊಸ ಬಡಾವಣೆಯಿರಲಿ, ಗುಬ್ಬಿಯ ತೋಟದ ಮನೆಯಿರಲಿ, ಕುಣಿಗಲ್ಲಿನ ಕೆರೆ ಏರಿಯ ಕೆಳಗಿನ ಬೀದಿಯಿರಲಿ, ಮುಂಗಾರಿನ ಹದಮಳೆ ಬಿದ್ದ ಮಾರನೆಯ ಬೆಳಗ್ಗೆ ಹಿತ್ತಿಲಲ್ಲಿ ಆಮೆ ಕಾಣಿಸಿಕೊಂಡರೆ ನಡೆಯುವುದೆಲ್ಲ ಹೆಚ್ಚುಕಡಿಮೆ ಒಂದೇ. ಮಕ್ಕಳು ಬಕೆಟ್ ತರುತ್ತಾರೆ. ಅಜ್ಜಿ ಕೂರ್ಮಸ್ವಾಮಿ ಬಂದನೆಂದು ಅರಿಶಿನ ಕುಂಕುಮದ ಬಟ್ಟಲು ಹುಡುಕುತ್ತಾರೆ. ಆಚೆ ಮನೆಯವರು, ಆಮೆ ಹೊಕ್ಕ ಮನೆಗೆ ಏಳಿಗೆಯಿಲ್ಲ ಎಂದು ಗೊಣಗುತ್ತಾರೆ. ಕೊನೆಗೆ ತಿಳಿದವರೊಬ್ಬರು ತೀರ್ಪು ಕೊಡುತ್ತಾರೆ: ‘ಪಾಪ, ನೀರಿಗೆ ಬಿದ್ರೆ ಬದುಕ್ಕೊಳ್ಳುತ್ತೆ, ಕೆರೆಗೆ ಬಿಟ್ಬಿಡಿ.’

ಎಷ್ಟೋ ಸಲ ಆಮೆ ಸಾಯುವುದು ಈ ದಯೆಯಿಂದಲೇ. ಬೆನ್ನ ಮೇಲೆ ಹಳದಿ ಗೆರೆಗಳಿರುವ ನಕ್ಷತ್ರ ಆಮೆ ಹುಟ್ಟಾ ನೆಲದ ಪ್ರಾಣಿ. ಅದಕ್ಕೆ ಈಜು ಬಾರದು. ಆಳವಾದ ಕೆರೆಗೆ ಎಸೆದರೆ ಮುಳುಗಿಹೋಗುತ್ತದೆ. ಅದೇ ಹಿತ್ತಿಲಿಗೆ ಬಂದದ್ದು ಕೆರೆಯ ಆಮೆಯಾಗಿದ್ದರೆ, ಅದನ್ನು ‘ಕಾಡಿಗೆ ಬಿಟ್ಟು’ ಬರುವುದೂ ಅಷ್ಟೇ ಕೆಟ್ಟದ್ದು.

ಈ ಸೀಮೆಯ ಹಿತ್ತಿಲಿಗೆ ಆಮೆ ನಾಲ್ಕು ಕಡೆಯಿಂದ ಬರಬಹುದು: ಗುಡ್ಡದ ಕುರುಚಲಿನಿಂದ, ಕೆರೆಯಿಂದ, ಹಳೆಯ ಬಾವಿಯಿಂದ, ಇಲ್ಲವೇ ಅಂಗಡಿಯಿಂದ. ಯಾವ ಆಮೆ ಎಂದು ಗುರುತಿಸುವುದೆಂದರೆ ಈ ನಾಲ್ಕರಲ್ಲಿ ಅದರ ಮನೆ ಯಾವುದು ಎಂದು ಪತ್ತೆ ಹಚ್ಚುವುದು. ಆ ನಾಲ್ಕು ಮನೆಗಳಿಗೂ ಕಳೆದ ಇನ್ನೂರು ಮುನ್ನೂರು ವರ್ಷಗಳಲ್ಲಿ ಏನಾಯಿತು ಎಂಬುದನ್ನು ಬಿಟ್ಟು ಆಮೆಯ ಕಥೆ ಹೇಳಲಾಗದು.

ಮೊದಲು ನೋಡಬೇಕಾದದ್ದು ಕಾಲು. ನಕ್ಷತ್ರ ಆಮೆಯ ಕಾಲು ದಪ್ಪ, ಗುಂಡು, ಒರಟು ಹುರುಪೆಗಳಿಂದ ಮುಚ್ಚಿರುತ್ತದೆ. ಬೆರಳುಗಳ ನಡುವೆ ಈಜುಚರ್ಮ ಇರುವುದಿಲ್ಲ. ಬೆನ್ನುಚಿಪ್ಪು ಬೋರಲು ಹಾಕಿದ ಬೋಗುಣಿಯಂತೆ ಎತ್ತರಕ್ಕೆ ಉಬ್ಬಿರುತ್ತದೆ. ಒಂದೊಂದು ಫಲಕದ ನಡುವೆಯೂ ಹಳದಿ ಚುಕ್ಕೆ, ಅಲ್ಲಿಂದ ಸುತ್ತ ಹರಡಿದ ಹಳದಿ ಗೆರೆಗಳು. ಹೊಟ್ಟೆಯ ಚಿಪ್ಪನ್ನು ತಿರುಗಿಸಿ ನೋಡಿದರೆ ಅಲ್ಲೂ ಗೆರೆಗಳಿರುತ್ತವೆ. ಕೈಯಲ್ಲಿ ಹಿಡಿದಾಗ ಎದ್ದು ಕಾಣುವ ಈ ಚಿತ್ತಾರ ಒಣಹುಲ್ಲಿನ ನಡುವೆ ಇಟ್ಟರೆ ಕಾಣೆಯಾಗುತ್ತದೆ, ಹುಲ್ಲಿನ ನೆರಳು ಯಾವುದು, ಗೆರೆ ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಹೆಣ್ಣು ಗಂಡಿಗಿಂತ ಸಾಕಷ್ಟು ದೊಡ್ಡದು. ಗಂಡಿನ ಹೊಟ್ಟೆಯ ಚಿಪ್ಪು ಒಳಕ್ಕೆ ತಗ್ಗಾಗಿ, ಬಾಲ ಉದ್ದವಾಗಿರುತ್ತದೆ.

ಉಗುರು ಎಣಿಸಿದರೂ ಗೊತ್ತಾಗುತ್ತದೆ. ನಕ್ಷತ್ರ ಆಮೆಗೆ ಮುಂಗಾಲಿನಲ್ಲಿ ಐದೈದು, ಹಿಂಗಾಲಿನಲ್ಲಿ ನಾಲ್ಕು ನಾಲ್ಕು. ಕೆರೆಗಳಲ್ಲಿರುವ ಮೆತ್ತನೆ ಚಿಪ್ಪಿನ ಆಮೆಗೆ ನಾಲ್ಕು ಕಾಲಿಗೂ ಮೂರು ಮೂರೇ ಉಗುರು.

ವಿಜ್ಞಾನದ ಪುಸ್ತಕಕ್ಕೆ ನಕ್ಷತ್ರ ಆಮೆಯ ಹೆಸರು ಸೇರಿದ್ದು 1795ರಲ್ಲಿ, ಜರ್ಮನಿಯ ಯೋಹಾನ್ ಡೇವಿಡ್ ಶೋಫ್ ಎಂಬ ವೈದ್ಯನ ಕೈಯಿಂದ. ಬದುಕಿರುವ ಆಮೆಯನ್ನು ಗಮನಿಸಿ ಬರೆದ ಹಳೆಯ ವರದಿಗಳಲ್ಲೊಂದು 1837ರದು, ಥಾಮಸ್ ಹಟನ್ ಎಂಬ ಬ್ರಿಟಿಷ್ ಸೇನಾಧಿಕಾರಿಯದು. ಹೆಣ್ಣು ಆಮೆ ಗಟ್ಟಿ ನೆಲದಲ್ಲಿ ಮೊಟ್ಟೆಯಿಡಲು ಗುಳಿ ತೋಡುವಾಗ ತನ್ನ ಮೂತ್ರದಿಂದಲೇ ಮಣ್ಣು ನೆನೆಸಿ ಮೆದು ಮಾಡಿಕೊಳ್ಳುವುದನ್ನು ಅವನು ಕಂಡು ದಾಖಲಿಸಿದ. ಇನ್ನು 2008ರಲ್ಲಿ ಹಂಗೇರಿಯ ಗಾಬೊರ್ ಡೊಮೊಕೊಶ್ ಮತ್ತು ಪೀಟರ್ ವಾರ್ಕೊನಿ ಆಮೆಗಳ ಚಿಪ್ಪಿನ ಗಣಿತ ಮಾಡಿದರು. ಹೇಗೆ ಬೀಳಿಸಿದರೂ ತಾನಾಗಿ ನೆಟ್ಟಗಾಗುವ ‘ಗೊಂಬೊಟ್ಸ್’ ಎಂಬ ಘನಾಕೃತಿಗೆ ಬಹಳ ಹತ್ತಿರದ ಆಕಾರ ನಕ್ಷತ್ರ ಆಮೆಯದೇ ಎಂದು ತೋರಿಸಿದರು. ಅಂಗಾತ ಬಿದ್ದ ಆಮೆ ಹೆಚ್ಚು ಒದ್ದಾಡದೆ ಮಗುಚಿಕೊಳ್ಳುವುದು ಅದರ ಉಬ್ಬಿದ ಬೆನ್ನಿನ ಪುಣ್ಯದಿಂದ. ಕಲ್ಲುಗುಡ್ಡದ ಪ್ರಾಣಿಗೆ ಅದು ಬೇಕೂ ಬೇಕು.

ಆ ಕಲ್ಲುಗುಡ್ಡಗಳು ತುಮಕೂರಿಗೆ ದೂರವೇನಲ್ಲ. ಊರಿನ ಪೂರ್ವಕ್ಕೆ ಸುಮಾರು 15 ಕಿಲೋಮೀಟರ್ ಹೋದರೆ ದೇವರಾಯನದುರ್ಗ. ಶಿಂಷಾ, ಜಯಮಂಗಲಿ ನದಿಗಳು ಹುಟ್ಟುವ ಬೆಟ್ಟ ಅದು. ಮೈಸೂರಿನ ಚಿಕ್ಕದೇವರಾಜ ಒಡೆಯರು 1696ರಲ್ಲಿ ಅದನ್ನು ಗೆದ್ದ ಮೇಲೆ ಈ ಹೆಸರು ಬಂತು. ನಕ್ಷತ್ರ ಆಮೆಯ ಇತಿಹಾಸದಲ್ಲಿ ಅದೇ ಅರಸರ ಇನ್ನೊಂದು ಕೆಲಸ ಇನ್ನೂ ಮುಖ್ಯ. 1673ರಿಂದ 1704ರವರೆಗೆ ಆಳಿದ ಅವರು ಅರಮನೆಗೆ ಹಾಲು ಬೆಣ್ಣೆ ಒದಗಿಸುವ ದನಗಳಿಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಮಾಡಿ, ಮೇವಿಗೆಂದು ಹುಲ್ಲುಗಾವಲುಗಳನ್ನು ಕಾದಿರಿಸಿದರು. ಹೈದರ್ ಅದನ್ನು ಬೆಳೆಸಿದ. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಫಿರಂಗಿ ಎಳೆಯುವ ಎತ್ತುಗಳು ತಯಾರಾಗುತ್ತಿದ್ದದ್ದು ಈ ಕಾವಲುಗಳಲ್ಲಿಯೇ. ತುಮಕೂರು, ಹಾಸನ, ಚಿತ್ರದುರ್ಗ, ಚಿಕ್ಕಮಗಳೂರು ಜಿಲ್ಲೆಗಳ ಉದ್ದಕ್ಕೂ ಹರಡಿದ್ದ ಕಾವಲುಗಳನ್ನು ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಹಂಚಿಕೊಂಡು ದನ ಮೇಯಿಸುತ್ತಿದ್ದರು.

ಉಳುಮೆ ಇಲ್ಲ, ದಟ್ಟ ಮರವೂ ಇಲ್ಲ. ಅಲ್ಲೊಂದು ಇಲ್ಲೊಂದು ಜಾಲಿ, ಬಂದರಿಕೆ, ತಂಗಡಿ, ಕಳ್ಳಿಮೆಳೆ, ನಡುವೆ ಹುಲ್ಲು. ನಕ್ಷತ್ರ ಆಮೆಗೆ ಬೇಕಾದದ್ದು ಇಷ್ಟೇ. ಮಳೆಗಾಲದಲ್ಲಿ ಚಿಗುರು ಹುಲ್ಲು, ಹೂವು, ಉದುರಿದ ಹಣ್ಣು ತಿಂದು ಓಡಾಡುತ್ತದೆ. ಬಿಸಿಲು ಬಲಿತರೆ ಮೆಳೆಯ ಬುಡದಲ್ಲೋ ಕಲ್ಲಿನ ಸಂದಿನಲ್ಲೋ ಸುಮ್ಮನಿರುತ್ತದೆ. ಸೇನೆಯ ಎತ್ತಿಗೆಂದು ಉಳಿಸಿದ ನೆಲ ಯಾರ ಲೆಕ್ಕಕ್ಕೂ ಇಲ್ಲದ ಆಮೆಯನ್ನೂ ಉಳಿಸಿತ್ತು.

ಎತ್ತಿನ ಸೇನೆ ಹೋಯಿತು, ಕಾವಲುಗಳ ಕಾವಲು ತಪ್ಪಿತು. ಸ್ವಾತಂತ್ರ್ಯದ ಆಚೀಚೆ ಎಷ್ಟೋ ಕಾವಲು, ಗೋಮಾಳ ಸಾಗುವಳಿಗೆ ಹಂಚಿಹೋದವು. ಮಿಕ್ಕ ‘ಬಂಜರು’ ಭೂಮಿಯ ಮೇಲೆ ಮರ ಬೆಳೆಸುವವರ ಕಣ್ಣು ಬಿತ್ತು. ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆ 1983ರಲ್ಲಿ ಆರಂಭವಾದ ಮೇಲೆ ನೀಲಗಿರಿ ತೋಪುಗಳು ಬಯಲುಸೀಮೆಯ ಗುರುತೇ ಆದವು. ನೀಲಗಿರಿಯ ಕೆಳಗೆ ಹುಲ್ಲು ಸರಿಯಾಗಿ ಬೆಳೆಯದು. ಹುಲ್ಲಿಲ್ಲದ ಕಡೆ ಆಮೆ ನಿಲ್ಲದು. ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು 2017ರಲ್ಲಿ ನಿಷೇಧಿಸುವ ಹೊತ್ತಿಗೆ ಒಂದು ತಲೆಮಾರು ಕಳೆದಿತ್ತು. ಅಷ್ಟರಲ್ಲಿ ಕಾವಲುಗಳಿಗೆ ಇನ್ನೊಂದು ಬೇಡಿಕೆಯೂ ಬಂದಿತ್ತು. ಪಕ್ಕದ ಚಳ್ಳಕೆರೆಯಲ್ಲಿ ಸಾವಿರಾರು ಎಕರೆ ಕಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿತು. 2016ರಲ್ಲಿ ಶಂಕುಸ್ಥಾಪನೆ, 2023ರ ಫೆಬ್ರುವರಿಯಲ್ಲಿ ಉದ್ಘಾಟನೆ.

ಕಾರ್ಖಾನೆಗಿಂತ ಸದ್ದಿಲ್ಲದೆ ಆದ ಬದಲಾವಣೆ ತೋಟದ್ದು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಗೂ ಬಂದಿದ್ದ. ಆಗಲೇ ಅದು ಅಡಿಕೆ ವ್ಯಾಪಾರಕ್ಕೆ ಹೆಸರಾದ ಸಂತೆಯ ಊರು. ಆ ಕಾಲದಲ್ಲಿ ತೋಟವೆಂದರೆ ಕೆರೆಯ ಹಿಂದಿನ ತಗ್ಗು; ನೀರು ಹರಿಯುವಷ್ಟು ದೂರ ಮಾತ್ರ ತೆಂಗು, ಅಡಿಕೆ. ಅದರ ಮೇಲಿನದೆಲ್ಲ ರಾಗಿ, ಹುರುಳಿಯ ಬೆದ್ದಲು, ಅದಕ್ಕೂ ಮೇಲೆ ಕುರುಚಲು. ಕೊಳವೆಬಾವಿ ಬಂದ ಮೇಲೆ ಈ ಮೆಟ್ಟಿಲು ಕೆಟ್ಟಿತು. ಐದುನೂರು ಅಡಿ, ಎಂಟುನೂರು ಅಡಿ ಕೊರೆದು ನೀರೆತ್ತಿದರು. ಅಡಿಕೆ ಬೆದ್ದಲಿಗೆ ಏರಿತು, ಬೆದ್ದಲಿನಿಂದ ಗುಡ್ಡದ ಬುಡಕ್ಕೆ ಹೋಯಿತು. ಇವತ್ತು ಗುಬ್ಬಿಯ ತೋಟದಲ್ಲಿ ಹಾಳೆ ಎತ್ತುವಾಗ ಸಿಗುವ ನಕ್ಷತ್ರ ಆಮೆ ಎಲ್ಲಿಂದಲೋ ನಡೆದು ಬಂದದ್ದೆಂದು ತಿಳಿಯಬೇಕಾಗಿಲ್ಲ. ಅದರ ಮೆಳೆ ಇದ್ದ ಜಾಗದಲ್ಲೇ ತೋಟ ಎದ್ದಿರಬಹುದು.

ಕುರುಚಲು ಹೋದರೂ ಆಮೆ ಹೋಗದೆ ಉಳಿದದ್ದು ಬೇಲಿಯಿಂದ. ಬಯಲುಸೀಮೆಯ ಹಳೆಯ ಬೇಲಿಗಳು ಕತ್ತಾಳೆ, ಕಳ್ಳಿ, ಲಂಟಾನ, ಜಾಲಿಮುಳ್ಳುಗಳವು. ಎರಡು ಹೊಲದ ನಡುವೆ ಆಳೆತ್ತರ ಬೆಳೆದು, ಬುಡದಲ್ಲಿ ತರಗು ಸೇರಿ, ವರ್ಷವಿಡೀ ನೆರಳಿರುತ್ತಿತ್ತು. ಆಮೆ ಹಗಲು ಅಲ್ಲಿ ಅಡಗಿ, ಬೆಳಗ್ಗೆ ಸಂಜೆ ಹೊಲಕ್ಕಿಳಿದು ಮೇಯುತ್ತಿತ್ತು. ಗುಡ್ಡದಿಂದ ಗುಡ್ಡಕ್ಕೆ ದಾಟಲು ಅದೇ ದಾರಿ. ಹೊಲ ನಿವೇಶನವಾದಾಗ ಮೊದಲು ಹೋಗುವುದು ಈ ಬೇಲಿ. ಜೆಸಿಬಿ ಒಂದು ಬೆಳಗ್ಗೆ ಕಿತ್ತು ಹಾಕುತ್ತದೆ, ಕಾಂಪೌಂಡು ಏಳುತ್ತದೆ. ಒಳಗೆ ಸಿಕ್ಕಿಕೊಂಡ ಆಮೆ ಗೋಡೆಯ ಬುಡ ಹಿಡಿದು ಅತ್ತಿಂದಿತ್ತ ನಡೆಯುತ್ತಲೇ ಇರುತ್ತದೆ. ಹೊಸ ಬಡಾವಣೆಯವರ ಕಣ್ಣಿಗೆ ಅದು ಬೀಳುವುದು ಆಗಲೇ.

ಇನ್ನು ಕೆರೆಯದು. ತುಮಕೂರಿನ ಅಮಾನಿಕೆರೆ, ಗುಬ್ಬಿ ತಾಲ್ಲೂಕಿನ ಕಡಬ ಕೆರೆ, ಜನಪದ ಹಾಡಿನಿಂದ ನಾಡಿಗೆಲ್ಲ ಗೊತ್ತಾದ ಕುಣಿಗಲ್ ದೊಡ್ಡಕೆರೆ, ಇಂಥ ಕೆರೆಗಳ ಅಂಗಳದಲ್ಲಿ ಇರುವವು ಮುಖ್ಯವಾಗಿ ಎರಡು ಜಾತಿಯ ಆಮೆ. ಒಂದು ಮೆತ್ತನೆ ಚಿಪ್ಪಿನದು. ಇದರ ಬೆನ್ನು ಚಪ್ಪಟೆ, ಫಲಕಗಳಿಲ್ಲದೆ ಚರ್ಮ ಹೊದಿಸಿದಂತೆ ನುಣುಪು, ಬಣ್ಣ ಹಸಿರುಗಂದು. ಮೂತಿ ಮುಂದಕ್ಕೆ ಚಾಚಿ ತುದಿಯಲ್ಲಿ ಎರಡು ಹೊಳ್ಳೆ. ತಿರುಗಿಸಿ ನೋಡಿದರೆ ಹೊಟ್ಟೆಯ ಹಿಂಭಾಗದಲ್ಲಿ ಎರಡು ಮಡಿಕೆಗಳಿರುತ್ತವೆ. ಕಾಲು ಒಳಗೆಳೆದುಕೊಂಡಾಗ ಬಾಗಿಲು ಹಾಕಿದ ಹಾಗೆ ಅವು ಮುಚ್ಚಿಕೊಳ್ಳುತ್ತವೆ. ಕತ್ತು ಉದ್ದ, ಸಿಟ್ಟು ಮುಂದು. ಹಿಂದಿನಿಂದ ಹಿಡಿದರೂ ತಿರುಗಿ ಕಚ್ಚಬಲ್ಲದು. ಇನ್ನೊಂದು ಕಪ್ಪು ಆಮೆ. ಗಟ್ಟಿ ಚಿಪ್ಪು, ಬೆನ್ನಿನ ಉದ್ದಕ್ಕೆ ಮೂರು ಏಣು, ಹೊಟ್ಟೆ ಕಪ್ಪು, ಅಂಚಿನಲ್ಲಿ ಹಳದಿ. ಬೆರಳುಗಳ ನಡುವೆ ಈಜುಚರ್ಮ. ರಾತ್ರಿ ಮೇವಿಗೆಂದು ದಡ ಹತ್ತುವ ಅಭ್ಯಾಸ ಇದಕ್ಕಿದೆ, ಹಾಗಾಗಿ ನೀರಿನ ಆಮೆಯಾದರೂ ಅಂಗಳದಲ್ಲಿ ಸಿಕ್ಕಿದರೆ ಅಚ್ಚರಿಯಿಲ್ಲ.

ಬಯಲುಸೀಮೆಯ ಕೆರೆ ಎಂದರೆ ತುಂಬುವುದೂ ಉಂಟು, ಒಣಗುವುದೂ ಉಂಟು. ಆಮೆಗಳಿಗೆ ಇದು ಹೊಸದಲ್ಲ. ಪಂಚತಂತ್ರದ ವಾಚಾಳಿ ಆಮೆ ಹಂಸಗಳ ಜೊತೆ ಕೋಲು ಕಚ್ಚಿ ಹಾರಿದ್ದೂ ಅದರ ಕೊಳ ಬತ್ತಿದ್ದರಿಂದಲೇ. ಮೆತ್ತನೆ ಚಿಪ್ಪಿನ ಆಮೆ ನೀರು ಇಳಿದಂತೆ ಕೆಸರಿನೊಳಕ್ಕೆ ಇಳಿದು, ಮೇಲೆ ಮಣ್ಣು ಬಿರುಕು ಬಿಟ್ಟರೂ ಒಳಗೆ ಮುಂದಿನ ಮಳೆಯವರೆಗೆ ತಡೆದುಕೊಂಡಿರುತ್ತದೆ. ಮಾಂಸಕ್ಕಾಗಿ ಹಿಡಿಯುವವರಿಗೂ ಈ ಗುಟ್ಟು ಗೊತ್ತು. ಒಣಗುತ್ತಿರುವ ಅಂಗಳವನ್ನು ಸಲಾಕೆಯಿಂದ ಚುಚ್ಚುತ್ತ, ಚಿಪ್ಪಿಗೆ ತಾಗಿದ ಸದ್ದಿನ ಮೇಲೆ ಅಗೆದು ತೆಗೆಯುವುದು ದೇಶದ ಹಲವೆಡೆ ಇದ್ದ ರೂಢಿ. ಈಚೆಗೆ ಹೂಳೆತ್ತುವ ಯಂತ್ರಗಳು ಬೇಸಿಗೆಯಲ್ಲೇ ಕೆರೆಗಿಳಿಯುತ್ತವೆ. ಎತ್ತಿದ ಗೋಡು ಮಣ್ಣು ಟ್ರ್ಯಾಕ್ಟರಿನಲ್ಲಿ ತೋಟಕ್ಕೂ ಮನೆಯ ಕೈತೋಟಕ್ಕೂ ಹೋಗುತ್ತದೆ. ಅದರೊಳಗೆ ಮಲಗಿರುವ ಆಮೆಯೂ ಮಣ್ಣಿನ ಜೊತೆ ಊರೊಳಗೆ ಬರಬಹುದು.

ಬಾವಿಯ ಆಮೆಯ ಕಥೆ ಬೇರೆ. ಅದನ್ನು ಮನೆಗೆ ತಂದದ್ದು ಮನುಷ್ಯರೇ. ನಲ್ಲಿ ಬರುವ ಮೊದಲು ಹಳೆಯ ಪೇಟೆಗಳಲ್ಲಿ ಮನೆಗೊಂದೋ ಬೀದಿಗೊಂದೋ ಸೇದುವ ಬಾವಿ. ದಕ್ಷಿಣ ಭಾರತದ ಬಹಳ ಕಡೆ ಇಂಥ ಬಾವಿಗೆ ಒಂದು ಆಮೆಯನ್ನು ತಂದು ಬಿಡುವ ರೂಢಿ ಇತ್ತು. ಹುಳ, ಸೊಳ್ಳೆಯ ಮರಿ, ನೀರಿಗೆ ಬಿದ್ದ ಸತ್ತ ಜೀವಿಗಳನ್ನು ತಿಂದು ಅದು ನೀರನ್ನು ಚೊಕ್ಕವಾಗಿಡುತ್ತದೆ ಎಂಬ ಲೆಕ್ಕ. ಕೊಡ ಇಳಿಸುವಾಗ ಸದ್ದಿಗೆ ಬುಳಕ್ಕನೆ ಮುಳುಗಿ, ಆಮೇಲೆ ಮೂಗು ಮೇಲೆತ್ತುವ ಆಮೆ ಮನೆಯ ಒಂದು ಜೀವವೇ ಆಗಿರುತ್ತಿತ್ತು. ಹೊರಗಿನಿಂದ ಆಮೆ ಮನೆ ಹೊಕ್ಕರೆ ಅಶುಭವೆನ್ನುವ ನಂಬಿಕೆ ಬಾವಿಯ ಆಮೆಗೆ ಅಡ್ಡ ಬರಲಿಲ್ಲ. ದೇವಸ್ಥಾನದ ನೆಲಗಲ್ಲಿನ ಮೇಲೆ ಕೂರ್ಮನಿದ್ದಾನೆ; ಹೊಸದುರ್ಗ ತಾಲ್ಲೂಕಿನ ಗವಿರಂಗಾಪುರದಲ್ಲಿ ರಂಗನಾಥನನ್ನೇ ಕೂರ್ಮರೂಪದಲ್ಲಿ ಪೂಜಿಸುತ್ತಾರೆ. ಭಯ, ಭಕ್ತಿ ಎರಡೂ ಒಂದೇ ಮನೆಯಲ್ಲಿ ನಡೆದುಕೊಂಡು ಬಂದವು.

ಕೊಳವೆಬಾವಿ ಹೆಚ್ಚಿದಂತೆ ತೆರೆದ ಬಾವಿಗಳ ಸೆಲೆ ಬತ್ತಿತು. ಬತ್ತಿದ ಬಾವಿ ಕಸದ ಗುಂಡಿಯಾಯಿತು, ಆಮೇಲೆ ಅದಕ್ಕೆ ಮಣ್ಣು ತುಂಬಿ ಮೇಲೆ ಕೋಣೆ ಕಟ್ಟಿದರು. ಹೇಮಾವತಿಯ ನೀರು ಗೊರೂರಿನಿಂದ ನಾಲೆಯಲ್ಲಿ ಹರಿದು ಬುಗುಡನಹಳ್ಳಿ ಕೆರೆ ಸೇರಿ, ಅಲ್ಲಿಂದ ತುಮಕೂರಿನ ನಲ್ಲಿಗಳಿಗೆ ಬರತೊಡಗಿದ ಮೇಲೆ ಬಾವಿಯ ನೆನಪೂ ಬೇಡವಾಯಿತು. ಬಾವಿ ಮುಚ್ಚುವ ಮೊದಲು ಮೇಲೆತ್ತಿದ ಆಮೆಗಳು ತೊಟ್ಟಿಗೋ ಹಿತ್ತಿಲಿಗೋ ಸೇರಿದವು.

ನಾಲ್ಕನೆಯ ಮನೆ ಅಂಗಡಿ. ಅಕ್ವೇರಿಯಂ ಅಂಗಡಿಗಳಲ್ಲಿ ನಾಣ್ಯದಷ್ಟಗಲದ ಹಸಿರು ಮರಿಗಳಾಗಿ ಮಾರಾಟವಾಗುವ ಕೆಂಪು ಕಿವಿಯ ಆಮೆ ಅಮೆರಿಕದ ಮಿಸಿಸಿಪ್ಪಿ ಸೀಮೆಯದು. ಕಣ್ಣಿನ ಹಿಂದೆ ಕೆಂಪು ಪಟ್ಟಿ, ಕತ್ತಿನ ಮೇಲೆ ಹಳದಿ ಗೆರೆಗಳು ಇದ್ದರೆ ಅದು ಅದೇ. ಬೆಳೆದು ತಟ್ಟೆಯಷ್ಟಾದಾಗ ಗಾಜಿನ ತೊಟ್ಟಿ ಸಾಲದೆ ಮಾಲೀಕರು ಕೆರೆಗೆ ಬಿಡುತ್ತಾರೆ. ಬಿಟ್ಟ ಕಡೆ ಬೇರೂರಿ ಸ್ಥಳೀಯ ಆಮೆಗಳ ಮೇವು, ಬಿಸಿಲಿಗೆ ಮೈಯೊಡ್ಡುವ ಜಾಗ ಎರಡನ್ನೂ ಕಸಿಯುವುದರಿಂದ ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಹಿತ್ತಿಲಲ್ಲಿ ಸಿಕ್ಕ ಆಮೆಗಳಲ್ಲಿ ಯಾವ ಕೆರೆಗೂ ಬಿಡಬಾರದ ಆಮೆ ಇದು.

ವ್ಯಾಪಾರದ ಇನ್ನೊಂದು ಮುಖ ಕರಾಳ. ನಕ್ಷತ್ರ ಆಮೆಯನ್ನು ಸಾಕುಪ್ರಾಣಿಯಾಗಿ ಕೊಳ್ಳುವವರು ಆಗ್ನೇಯ ಏಷ್ಯಾದಲ್ಲಿ, ಯುರೋಪು, ಅಮೆರಿಕದಲ್ಲಿ ಇದ್ದಾರೆ. ಆಮೆ ಹೋಗುವುದು ದಕ್ಷಿಣದ ಒಣಸೀಮೆಗಳಿಂದ. ಭಾರತದ ಒಂದೇ ವ್ಯಾಪಾರ ಕೇಂದ್ರದಿಂದ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳನ್ನು ಕದ್ದು ಸಾಗಿಸಲಾಗುತ್ತಿದೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತ್ತು. ದೇಶದೊಳಗೆ ಬೇರೆಯ ಹುಚ್ಚೂ ಇದೆ. ಇಪ್ಪತ್ತು ಉಗುರಿನ ಆಮೆ ಮನೆಯಲ್ಲಿದ್ದರೆ ನಿಧಿ ಸಿಗುತ್ತದೆ, ಹಣ ದುಪ್ಪಟ್ಟಾಗುತ್ತದೆ ಎಂದು ನಂಬಿಸಿ ಲಕ್ಷಗಟ್ಟಲೆ ಕೀಳುವ ಜಾಲಗಳು ಆಗಾಗ ಪೊಲೀಸರ ಕೈಗೆ ಸಿಗುತ್ತವೆ. ನಕ್ಷತ್ರ ಆಮೆಯ ಉಗುರು ಹದಿನೆಂಟು ಎಂದು ಎಣಿಸಿದವರು ಈ ಮೋಸಕ್ಕೆ ಬೀಳುವುದಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನಕ್ಷತ್ರ ಆಮೆ ಬಹುಕಾಲ ನಾಲ್ಕನೆಯ ಅನುಸೂಚಿಯಲ್ಲಿತ್ತು. ಅಂದರೆ ಹಿಡಿಯುವುದು ತಪ್ಪು, ಆದರೆ ಶಿಕ್ಷೆ ಹಗುರ. 2019ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ನಡೆದ ಸಭೆಯಲ್ಲಿ ಭಾರತ ಮತ್ತಿತರ ದೇಶಗಳ ಬೇಡಿಕೆಯಂತೆ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಮೊದಲ ಪಟ್ಟಿಗೆ ಇದನ್ನು ಏರಿಸಲಾಯಿತು. ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಅದು ಒಂದನೆಯ ಅನುಸೂಚಿಗೆ ಬಂತು. ಈಗ ಹಿಡಿದರೆ, ಮಾರಿದರೆ ಮೂರರಿಂದ ಏಳು ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ‘ನಮ್ಮ ಮನೆಯಲ್ಲಿ ತಾತನ ಕಾಲದಿಂದ ಇದೆ’ ಎಂಬುದು ಕಾನೂನಿನ ಮುಂದೆ ಸಮಜಾಯಿಷಿಯಾಗದು. ಮನೆಯಲ್ಲಿ ಸಾಕಿದ ಆಮೆಯ ಗುರುತು ಮೈಮೇಲೇ ಇರುತ್ತದೆ: ಕಟ್ಟಿಹಾಕಲು ಚಿಪ್ಪಿನ ಅಂಚಿಗೆ ಕೊರೆದ ತೂತು, ಬಣ್ಣದ ಕಲೆ, ಮೆತ್ತನೆ ಅನ್ನ ತಿಂದು ಸವೆಯದೆ ಕೊಕ್ಕಾಗಿ ಬೆಳೆದ ಬಾಯಿ, ಬಿಸಿಲು ಕಾಣದೆ ಮೆದುವಾದ ಚಿಪ್ಪು. ಇಂಥದ್ದನ್ನು ನೇರ ಗುಡ್ಡಕ್ಕೆ ಬಿಟ್ಟರೆ ಅದಕ್ಕೂ ಕಷ್ಟ, ಅದರ ರೋಗ ಅಂಟಿದರೆ ಅಲ್ಲಿನ ಆಮೆಗಳಿಗೂ ಕಷ್ಟ.

ಹಿಡಿದ ಆಮೆಯನ್ನು ಮರಳಿ ಮನೆ ಸೇರಿಸುವುದು ಎಷ್ಟು ತೊಡಕಿನದೆಂದು ಸಿಂಗಪುರದ ಪ್ರಕರಣಗಳು ತೋರಿಸಿವೆ. 2018ರ ನವೆಂಬರಿನಲ್ಲಿ ಅಲ್ಲಿ ವಶಪಡಿಸಿಕೊಂಡಿದ್ದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ಬಂದವು. ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಮತ್ತು ಕರ್ನಾಟಕ ಅರಣ್ಯ ಇಲಾಖೆ ಅವುಗಳ ಹೊಣೆ ಹೊತ್ತವು. ಅದಕ್ಕೂ ಹಿಂದೆ ಸಿಂಗಪುರದಿಂದ ಮರಳಿದ್ದ ಆಮೆಗಳ ಡಿಎನ್‌ಎಯನ್ನು ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಪರೀಕ್ಷಿಸಿ 2006ರಲ್ಲಿ ವರದಿ ಪ್ರಕಟಿಸಿದರು. ಗುಜರಾತ್, ರಾಜಸ್ಥಾನದ ಕಡೆಯ ಆಮೆಗಳ ವಂಶ ಬೇರೆ, ದಕ್ಷಿಣದ್ದು ಬೇರೆ. ಎಲ್ಲವನ್ನೂ ಒಂದೇ ಕಾಡಿಗೆ ಸುರಿದರೆ ಸಾವಿರಾರು ವರ್ಷ ಬೇರೆಯಾಗಿ ಬೆಳೆದ ಎರಡು ವಂಶಗಳು ಬೆರೆತುಹೋಗುತ್ತವೆ. ಪೆಟ್ಟಿಗೆಯಿಂದ ತೆಗೆದ ಆಮೆಯ ಊರು ತಿಳಿಯಲು ಪ್ರಯೋಗಾಲಯವೇ ಬೇಕು.

ತುಮಕೂರಿನ ಹಿತ್ತಿಲಿನ ಆಮೆಗೆ ಅಷ್ಟು ದೂರ ಹೋಗಬೇಕಿಲ್ಲ. ಅದರ ವಿಳಾಸ ಸಿಕ್ಕ ಜಾಗವೇ. ಹಾಗಾಗಿ ಮೊದಲು ಮಾಡಬೇಕಾದದ್ದು ಬೆನ್ನಿನದು, ಹೊಟ್ಟೆಯದು, ಕಾಲಿನದು ಹೀಗೆ ಮೂರು ಫೋಟೊ ತೆಗೆದು, ಸಿಕ್ಕ ಸ್ಥಳ, ಹೊತ್ತು ಬರೆದಿಟ್ಟುಕೊಂಡು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡುವುದು. ಅವರು ಬರುವವರೆಗೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆ, ನೆರಳು ಸಾಕು. ನೆಲದ ಆಮೆಗೆ ಅಂಗೈಯಾಳದ ತಟ್ಟೆಯಲ್ಲಿ ನೀರಿಟ್ಟರೆ ಆಯಿತು. ಹಾಲು, ಅನ್ನ, ಬ್ರೆಡ್ ಬೇಡ. ಅರಿಶಿನ ಕುಂಕುಮವೂ ಚಿಪ್ಪಿನ ಮೇಲೆ ಬೇಡ.

ಮಳೆಗಾಲದಲ್ಲಿ ಬಂದ ದೊಡ್ಡ ಹೆಣ್ಣು ಹಿಂಗಾಲಿನಿಂದ ನೆಲ ತೋಡುತ್ತಿದ್ದರೆ ಅದನ್ನು ಎತ್ತಲೇಬಾರದು. ಅದು ಗೂಡು ಮಾಡುತ್ತಿದೆ. ಮೊಟ್ಟೆಯಿಟ್ಟು ಮಣ್ಣು ಮುಚ್ಚಿ ತಾನೇ ಹೊರಟುಹೋಗುತ್ತದೆ. ಮರಿ ಹೊರಬರಲು ಮೂರರಿಂದ ಐದು ತಿಂಗಳು ಬೇಕು. ಅಷ್ಟು ದಿನ ಆ ಒಂದು ಮೊಳ ಜಾಗವನ್ನು ಅಗೆಯದೆ, ಅಲ್ಲಿ ಟೈಲ್ಸ್ ಹಾಕಿಸುವ ಕೆಲಸವನ್ನು ಬೇಸಿಗೆಗೆ ಮುಂದೂಡಿ, ಕಾಂಪೌಂಡಿನ ಬುಡದಲ್ಲಿ ಒಂದು ಇಟ್ಟಿಗೆಯಷ್ಟು ಕಿಂಡಿ ಬಿಡಿಸಿದರೆ ಮನೆಯವರ ಪಾಲಿನ ಕೆಲಸ ಮುಗಿದಂತೆ.